ಈಜುಕೊಳದ ಡ್ರೇನ್ ಅಪಾಯ ಮತ್ತು ಅದರ ತಡೆ

ಈಜುಕೊಳದ ತಳದಲ್ಲೋ ಗೋಡೆಯಲ್ಲೋ ನೀರು ಪಂಪಿನ ಕಡೆಗೆ ಹೊರಡುವ ಬಾಯಿಗೆ ಡ್ರೇನ್ ಎನ್ನುತ್ತಾರೆ. ಪಂಪ್ ನಡೆಯುತ್ತಿರುವಾಗ ಈಜುವವರ ಕೂದಲು, ಕೈಕಾಲು, ಬೆನ್ನು, ಹೊಟ್ಟೆ ಅಥವಾ ಉಟ್ಟ ಬಟ್ಟೆ ಈ ಬಾಯಿಗೆ ಸಿಕ್ಕಿ, ಮೇಲೆ ಬರಲಾಗದೆ ಮುಳುಗುವ ಅಪಘಾತವೊಂದಿದೆ. ಅದು ಅಪರೂಪ; ಆದರೆ ಆದಾಗ ಕ್ಷಣಗಳಲ್ಲಿ ಆಗುತ್ತದೆ, ಸೊಂಟಮಟ್ಟದ ನೀರಿನಲ್ಲೂ ಆಗುತ್ತದೆ. ನೀರಿನಲ್ಲಿ ಸತ್ತವರಿಗೆ ಈಜು ಬರುತ್ತಿರಲಿಲ್ಲ ಎಂದು ಮೊದಲೇ ತೀರ್ಮಾನಿಸುವ ರೂಢಿ ನಮ್ಮದು. ಈ ಅಪಘಾತದಲ್ಲಿ ಆ ತೀರ್ಮಾನ ನಿಲ್ಲುವುದಿಲ್ಲ. ಇಲ್ಲಿ ಈಜುಗಾರನ ಕಸುವು ಕೆಲಸಕ್ಕೆ ಬಾರದು. ಕೊಳ ಕಟ್ಟಿದವರ ಮತ್ತು ನಡೆಸುವವರ ಎಚ್ಚರವೊಂದೇ ಉಳಿಸಬಲ್ಲದು.

ನೀರಿನ ಓಡಾಟ

ಕೊಳದ ನೀರು ನಿಂತಂತೆ ಕಂಡರೂ ದಿನವಿಡೀ ತಿರುಗುತ್ತಿರುತ್ತದೆ. ತಳದ ಡ್ರೇನಿನಿಂದಲೂ ಮೇಲ್ಮೈಯ ಕಸ ಎಳೆಯುವ ಸ್ಕಿಮ್ಮರಿನಿಂದಲೂ ಹೊರಟ ನೀರು ಕೂದಲು, ನೂಲು ಹಿಡಿಯುವ ಜಾಲರಿ ಬುಟ್ಟಿಯನ್ನು ಹಾದು ಪಂಪಿಗೆ ಬರುತ್ತದೆ. ಅಲ್ಲಿಂದ ಮರಳಿನ ಫಿಲ್ಟರಿಗೆ ಹೋಗಿ, ಕ್ಲೋರಿನ್ ಬೆರೆತು, ಮರಳಿ ಕೊಳ ಸೇರುತ್ತದೆ. ಹತ್ತು ಮೀಟರ್ ಉದ್ದ, ಐದು ಮೀಟರ್ ಅಗಲ, ಸರಾಸರಿ 1.2 ಮೀಟರ್ ಆಳದ ಚಿಕ್ಕ ಕೊಳವೊಂದರಲ್ಲಿ 60,000 ಲೀಟರ್ ನೀರು ಹಿಡಿಯುತ್ತದೆ. ಅಷ್ಟೂ ನೀರು ನಾಲ್ಕು ತಾಸಿಗೊಮ್ಮೆ ಫಿಲ್ಟರ್ ಹಾದುಬರಬೇಕಾದರೆ ಪಂಪ್ ಸೆಕೆಂಡಿಗೆ 4 ಲೀಟರಿಗಿಂತ ತುಸು ಹೆಚ್ಚು ಎಳೆಯಬೇಕು. ಇದೇನೂ ದೊಡ್ಡ ಮೊತ್ತವಲ್ಲ. ಅಪಾಯವಿರುವುದು ಆ ನೀರು ಎಷ್ಟು ಅಗಲದ ದಾರಿಯಲ್ಲಿ ಹೋಗುತ್ತದೆ ಎಂಬುದರಲ್ಲಿ. ಮುಚ್ಚಳವಿಲ್ಲದ 5 ಸೆಂ.ಮೀ. ವ್ಯಾಸದ ಪೈಪಿನ ಬಾಯಲ್ಲಿ ಅದೇ ನೀರು ಸೆಕೆಂಡಿಗೆ ಎರಡು ಮೀಟರ್ ವೇಗದಲ್ಲಿ ನುಗ್ಗುತ್ತದೆ. ಅದೇ ಬಾಯಿಗೆ 150 ಚದರ ಸೆಂ.ಮೀ. ತೆರಪುಳ್ಳ ಮುಚ್ಚಳ ಕೂರಿಸಿದರೆ ವೇಗ ಸೆಕೆಂಡಿಗೆ 30 ಸೆಂ.ಮೀ. ಒಳಗೆ ಇಳಿಯುತ್ತದೆ, ಹತ್ತಿರ ಕೈ ಹಿಡಿದರೂ ಸೆಳೆತ ಅಷ್ಟಾಗಿ ತಿಳಿಯದು. ಇಷ್ಟು ದೊಡ್ಡ ವ್ಯತ್ಯಾಸ ಮಾಡುವ ವಸ್ತು ಒಂದು ಪ್ಲಾಸ್ಟಿಕ್ ಮುಚ್ಚಳ ಮತ್ತು ನಾಲ್ಕಾರು ಸ್ಕ್ರೂ.

ಮುಚ್ಚಳವಿದ್ದರೂ ದೇಹ ಅದನ್ನು ಪೂರ್ತಿ ಮುಚ್ಚಿಬಿಟ್ಟರೆ ಲೆಕ್ಕ ಬದಲಾಗುತ್ತದೆ. ನೀರು ಬರುವ ದಾರಿ ಬಂದಾದರೂ ಪಂಪ್ ಎಳೆಯುವುದನ್ನು ಬಿಡುವುದಿಲ್ಲ. ಪೈಪಿನೊಳಗೆ ಒತ್ತಡ ಕುಸಿಯುತ್ತದೆ, ಹೊರಗಿನ ಗಾಳಿಯ ಮತ್ತು ನೀರಿನ ಒತ್ತಡ ದೇಹವನ್ನು ಬಾಯಿಗೆ ಅದುಮಿ ಹಿಡಿಯುತ್ತದೆ. ಎಳನೀರಿನ ಕೊಳವೆಯನ್ನು ಹೀರುತ್ತಿರುವಾಗ ಅದರ ತುದಿಗೆ ಗಂಜಿ ಮೆತ್ತಿಕೊಳ್ಳುವುದೂ ಹೀಗೆಯೇ. ವಾತಾವರಣದ ಒತ್ತಡ ಒಂದು ಚದರ ಸೆಂ.ಮೀ.ಗೆ ಸುಮಾರು ಒಂದು ಕಿಲೋ. ಇಪ್ಪತ್ತು ಸೆಂ.ಮೀ. ವ್ಯಾಸದ ಡ್ರೇನಿನ ವಿಸ್ತೀರ್ಣ 314 ಚದರ ಸೆಂ.ಮೀ. ಒಳಗಿನ ಒತ್ತಡ ಅರ್ಧಕ್ಕಿಳಿದರೂ ದೇಹದ ಮೇಲೆ ಬೀಳುವ ಭಾರ 150 ಕಿಲೋ ದಾಟುತ್ತದೆ. ಇಪ್ಪತ್ತೈದು ಕಿಲೋ ತೂಗುವ ಮಗು ಅದರಿಂದ ತಾನಾಗಿ ಬಿಡಿಸಿಕೊಳ್ಳುವ ಮಾತೇ ಇಲ್ಲ; ದೊಡ್ಡವರು ನೀರಿಗಿಳಿದು ಜಗ್ಗಿದರೂ ಬಿಡಿಸುವುದು ಕಷ್ಟ.

ಸಿಲುಕುವ ಬಗೆಗಳು

ಈ ಅಪಘಾತಗಳನ್ನು ಐದು ಬಗೆಯಾಗಿ ವಿಂಗಡಿಸುವುದು ರೂಢಿ. ಅವುಗಳಲ್ಲಿ ಮೂರು ಮೇಲೆ ಹೇಳಿದ ಒತ್ತಡದ ಫಲ: ಬೆನ್ನೋ ಹೊಟ್ಟೆಯೋ ಬಾಯಿಗೆ ಅಂಟಿಕೊಳ್ಳುವುದು, ಮುಚ್ಚಳ ಕಿತ್ತುಹೋದ ಪೈಪಿನೊಳಗೆ ಕೈ ಅಥವಾ ಕಾಲು ಹೊಕ್ಕು ಬಾತುಕೊಂಡು ಕಚ್ಚಿಕೊಳ್ಳುವುದು, ತೆರೆದ ಡ್ರೇನಿನ ಮೇಲೆ ಮಗು ಕುಳಿತಾಗ ಗುದದ್ವಾರದ ಮೂಲಕ ಕರುಳು ಹೊರಕ್ಕೆ ಸೆಳೆಯಲ್ಪಡುವುದು. ಮೂರನೆಯದು ಕೇಳಲೂ ಕಷ್ಟವಾದದ್ದು, ಆದರೂ ಹೇಳಲೇಬೇಕು. ಅದು ಕಣ್ಣು ಮಿಟುಕಿಸುವಷ್ಟರಲ್ಲಿ ಆಗಿಬಿಡುವುದರಿಂದ ಆಮೇಲೆ ಪಂಪ್ ನಿಲ್ಲಿಸುವ ಯಾವ ಯಂತ್ರವೂ ಆ ಮಗುವನ್ನು ಕಾಯಲಾರದು. ಅದಕ್ಕೆ ಗಟ್ಟಿಯಾಗಿ ಕೂತ ಮುಚ್ಚಳವೊಂದೇ ತಡೆ.

ನಾಲ್ಕನೆಯದು ಕೂದಲು ಸಿಲುಕುವುದು. ಬಿಚ್ಚಿದ ಉದ್ದ ಕೂದಲು ನೀರಿನ ಜೊತೆ ಜಾಲರಿಯ ಸಂದುಗಳಲ್ಲಿ ಹೋಗಿ, ಹಿಂದಿನ ಸುಳಿಯಲ್ಲಿ ತಿರುಚಿಕೊಂಡು ಗಂಟಾಗುತ್ತದೆ. ನೀರಿನ ದಾರಿ ಬಂದಾಗಿರುವುದಿಲ್ಲವಾದ್ದರಿಂದ ಪೈಪಿನ ಒತ್ತಡ ಹೆಚ್ಚು ಬದಲಾಗದು, ಒತ್ತಡ ನೋಡಿ ಪಂಪ್ ನಿಲ್ಲಿಸುವ ಸಾಧನಕ್ಕೆ ಏನೂ ಗೊತ್ತಾಗದು. ಪಂಪ್ ನಿಲ್ಲಿಸಿದರೂ ಗಂಟು ಬಿಚ್ಚುವುದಿಲ್ಲ, ಕತ್ತರಿಸಬೇಕು. ಹೆಣ್ಣುಮಕ್ಕಳಿಗೆ ಈಜುಟೋಪಿ ಕಡ್ಡಾಯ ಮಾಡುವುದು ಬರಿಯ ಸ್ವಚ್ಛತೆಯ ಶಿಸ್ತು ಎಂದುಕೊಂಡವರು ಬಹಳ. ಅದು ಜೀವರಕ್ಷಣೆಯ ಶಿಸ್ತೂ ಹೌದು. ಐದನೆಯದು ಮೈಮೇಲಿನ ವಸ್ತು ಸಿಕ್ಕಿಕೊಳ್ಳುವುದು. ವಿದೇಶಿ ಕೈಪಿಡಿಗಳು ಇಲ್ಲಿ ಸರ, ಉಂಗುರ, ಈಜುಡುಗೆಯ ಲಾಡಿಗಳನ್ನು ಹೆಸರಿಸುತ್ತವೆ. ನಮ್ಮ ಕಡೆ ಆ ಪಟ್ಟಿಗೆ ಗಂಡುಹುಡುಗರ ಉಡದಾರ, ಕೊರಳ ತಾಯಿತ, ಕಾಲ್ಗೆಜ್ಜೆ, ಸೀರೆಯ ಸೆರಗು, ಚೂಡಿದಾರದ ವೇಲ್ ಸೇರಬೇಕು. ಉಡದಾರ ಅಷ್ಟು ಸುಲಭಕ್ಕೆ ಹರಿಯುವ ದಾರವಲ್ಲ.

ಕಾನೂನು ಹುಟ್ಟಿದ ಬಗೆ

ಈ ವಿಷಯ ಮೊದಲು ದೊಡ್ಡದಾಗಿ ಚರ್ಚೆಗೆ ಬಂದದ್ದು ಅಮೆರಿಕದಲ್ಲಿ. ಉತ್ತರ ಕ್ಯಾರೊಲಿನಾ ರಾಜ್ಯದಲ್ಲಿ 1993ರಲ್ಲಿ ಐದು ವರ್ಷದ ಬಾಲಕಿಯೊಬ್ಬಳು ಮುಚ್ಚಳ ಕಳಚಿದ್ದ ಡ್ರೇನಿನ ಮೇಲೆ ಕುಳಿತು ಕರುಳು ಕಳೆದುಕೊಂಡಳು. ಆ ಕುಟುಂಬದ ಪರ ವಾದಿಸಿದ ವಕೀಲ ಜಾನ್ ಎಡ್ವರ್ಡ್ಸ್. 1997ರಲ್ಲಿ ಜ್ಯೂರಿ 2.5 ಕೋಟಿ ಡಾಲರ್ ಪರಿಹಾರ ಘೋಷಿಸಿತು. ಎಡ್ವರ್ಡ್ಸ್ ಮುಂದೆ ಸೆನೆಟರ್ ಆದರು, 2004ರಲ್ಲಿ ಉಪಾಧ್ಯಕ್ಷ ಸ್ಥಾನದ ಅಭ್ಯರ್ಥಿಯಾದರು. ಡ್ರೇನಿಗೆ ಸಂಬಂಧಿಸಿದ ಕಾನೂನು ಮಾತ್ರ ಆಗ ಹುಟ್ಟಲಿಲ್ಲ.

ಅದಕ್ಕೆ ಇನ್ನೊಂದು ಸಾವು ಬೇಕಾಯಿತು. ಅಮೆರಿಕದ ಮಾಜಿ ವಿದೇಶಾಂಗ ಕಾರ್ಯದರ್ಶಿ ಜೇಮ್ಸ್ ಬೇಕರ್ ಅವರ ಮೊಮ್ಮಗಳು, ಏಳು ವರ್ಷದ ವರ್ಜಿನಿಯಾ ಗ್ರೇಮ್ ಬೇಕರ್, 2002ರ ಜೂನ್‌ನಲ್ಲಿ ಬಿಸಿನೀರಿನ ತೊಟ್ಟಿಯೊಂದರ ಡ್ರೇನಿಗೆ ಸಿಕ್ಕಿ ತೀರಿಕೊಂಡಳು. ಮೂರನೆಯ ವಯಸ್ಸಿನಿಂದಲೇ ಯಾರ ಆಸರೆಯೂ ಇಲ್ಲದೆ ಈಜುತ್ತಿದ್ದ, ಬಡಾವಣೆಯ ಈಜು ತಂಡದಲ್ಲಿದ್ದ ಹುಡುಗಿ. ತಾಯಿ ಜಗ್ಗಿದರೂ ಬರಲಿಲ್ಲ. ಕೊನೆಗೆ ಇಬ್ಬರು ಗಂಡಸರು ಸೇರಿ ಎಳೆದ ಬಿರುಸಿಗೆ ಡ್ರೇನಿನ ಮುಚ್ಚಳವೇ ಮುರಿಯಿತು. ತಾಯಿ ನ್ಯಾನ್ಸಿ ಬೇಕರ್ ವರ್ಷಗಟ್ಟಲೆ ಸಂಸತ್ತಿನ ಬಾಗಿಲು ತಟ್ಟಿದರು. ಈ ನಡುವೆ 2007ರ ಬೇಸಿಗೆಯಲ್ಲಿ ಮಿನೆಸೋಟದ ಮಕ್ಕಳ ಕೊಳವೊಂದರಲ್ಲಿ ಆರು ವರ್ಷದ ಬಾಲಕಿ ಕರುಳು ಕಳೆದುಕೊಂಡಳು. ಅಂಗಾಂಗ ಕಸಿ ಮಾಡಿದರೂ ಮರುವರ್ಷ ಉಳಿಯಲಿಲ್ಲ. ಅಮೆರಿಕದ ಕೊಳ ಸುರಕ್ಷತಾ ಕಾಯ್ದೆಗೆ 2007ರ ಡಿಸೆಂಬರ್ 19ರಂದು ಅಂಕಿತ ಬಿತ್ತು. ಅದಕ್ಕೆ ಗ್ರೇಮ್ ಬೇಕರಳ ಹೆಸರನ್ನೇ ಇಟ್ಟಿದ್ದಾರೆ. ಸಾರ್ವಜನಿಕ ಕೊಳಗಳೆಲ್ಲ ಒಂದು ವರ್ಷದೊಳಗೆ ಪರೀಕ್ಷಿತ ಮುಚ್ಚಳ ಹಾಕಬೇಕು, ಒಂದೇ ಡ್ರೇನ್ ಇರುವ ಕೊಳಗಳಲ್ಲಿ ಎರಡನೆಯ ಕಾವಲೂ ಇರಬೇಕು ಎಂದು ಅದು ವಿಧಿಸಿತು. ಕಾನೂನು ಬಂದ ಮೇಲೂ ಎಡವಟ್ಟು ತಪ್ಪಲಿಲ್ಲ. ಮುಚ್ಚಳಗಳ ಮೇಲೆ ನಮೂದಿಸಿದ್ದ ನೀರಿನ ಹರಿವಿನ ಮಿತಿ ಸರಿಯಿಲ್ಲವೆಂದು ಕಂಡುಬಂದು 2011ರಲ್ಲಿ ಎಂಟು ತಯಾರಕರ ಸುಮಾರು ಹತ್ತು ಲಕ್ಷ ಮುಚ್ಚಳಗಳನ್ನು ಹಿಂದಕ್ಕೆ ಕರೆಸಬೇಕಾಯಿತು.

ಜಪಾನಿನ ಪ್ರಕರಣ ನಮ್ಮವರು ಹೆಚ್ಚು ಗಮನಿಸಬೇಕಾದದ್ದು. ಸೈತಾಮ ಪ್ರಾಂತ್ಯದ ಫುಜಿಮಿನೊ ನಗರದ ಪುರಸಭೆಯ ಕೊಳದಲ್ಲಿ 2006ರ ಜುಲೈ 31ರಂದು ಏಳು ವರ್ಷದ ಬಾಲಕಿ ಗೋಡೆಯ ಹೀರುಬಾಯಿಯೊಳಕ್ಕೆ ಸೆಳೆಯಲ್ಪಟ್ಟು ಸತ್ತಳು. ಜಾಲರಿಯನ್ನು ಬೋಲ್ಟ್ ಹಾಕಿ ಬಿಗಿಯಬೇಕಾದ ಕಡೆ ತಂತಿ ಸುತ್ತಿ ನಿಲ್ಲಿಸಿದ್ದರು. ಜಾಲರಿ ಕಳಚಿಬಿದ್ದದ್ದು ಸಿಬ್ಬಂದಿಗೆ ಗೊತ್ತಾಗಿತ್ತು. ಆದರೂ ಪಂಪ್ ನಿಲ್ಲಿಸಲಿಲ್ಲ, ಮಕ್ಕಳನ್ನು ನೀರಿನಿಂದ ಎಬ್ಬಿಸಲಿಲ್ಲ. ಸದ್ಯಕ್ಕೆ ತಂತಿ ಕಟ್ಟಿದರೆ ಆಯಿತು, ಆಮೇಲೆ ನೋಡೋಣ ಎಂಬ ಬುದ್ಧಿ ಯಾವ ಊರಿನದ್ದೂ ಆಗಿರಬಹುದು. 2007ರ ಮಾರ್ಚ್‌ನಲ್ಲಿ ಜಪಾನ್ ಸರ್ಕಾರ ಹೊರಡಿಸಿದ ಮಾರ್ಗಸೂಚಿ ಜಾಲರಿಯನ್ನು ಬೋಲ್ಟಿನಿಂದ ಬಿಗಿಯಬೇಕು, ಪೈಪಿನ ಬಾಯಿಗೆ ಒಳಗಡೆ ಇನ್ನೊಂದು ತಡೆ ಇರಬೇಕು ಎಂದು ಹೇಳಿತು.

ತಡೆಯ ಉಪಾಯಗಳು

ತಡೆಯ ತತ್ವ ಒಂದೇ: ಪಂಪಿನ ಇಡೀ ಸೆಳೆತ ಒಬ್ಬರ ದೇಹದ ಮೇಲೆ ಬೀಳುವಂತಿರಬಾರದು. ಉಳಿದದ್ದೆಲ್ಲ ಅದರ ವಿವರ.

ಮೊದಲು ಮುಚ್ಚಳ. ಹಳೆಯ ಚಪ್ಪಟೆ ಜಾಲರಿಯನ್ನು ಮಗುವಿನ ಬೆನ್ನು ಸಲೀಸಾಗಿ ಮುಚ್ಚಿಬಿಡುತ್ತದೆ. ಹೊಸ ಮುಚ್ಚಳಗಳು ಉಬ್ಬಿಕೊಂಡಿದ್ದು ಬದಿಗಳಿಂದಲೂ ನೀರು ಎಳೆಯುತ್ತವೆ. ಮೇಲೆ ಒರಗಿದರೂ ಬದಿಯ ದಾರಿ ತೆರೆದೇ ಇರುತ್ತದೆ. ಒಳ್ಳೆಯ ಮುಚ್ಚಳದ ಮೇಲೆ ಅದು ತಡೆಯಬಲ್ಲ ಹರಿವು, ನೆಲಕ್ಕೋ ಗೋಡೆಗೋ ಎಂಬುದು, ಎಷ್ಟು ವರ್ಷ ಬಾಳುತ್ತದೆ ಎಂಬುದು ಅಚ್ಚಾಗಿರುತ್ತವೆ. ಬಿಸಿಲು ಮತ್ತು ಕ್ಲೋರಿನ್ ಸೇರಿ ಪ್ಲಾಸ್ಟಿಕ್ಕನ್ನು ಪೆಡಸು ಮಾಡುವುದರಿಂದ ಆ ವರ್ಷಗಳು ಮುಗಿದ ಮುಚ್ಚಳ ಚೆನ್ನಾಗಿ ಕಂಡರೂ ಬದಲಿಸಬೇಕು. ಯುರೋಪಿನ ಇಎನ್ 13451-3 ಮಾನದಂಡ ಜಾಲರಿಯ ಬಾಯಲ್ಲಿ ನೀರಿನ ವೇಗ ಸೆಕೆಂಡಿಗೆ ಅರ್ಧ ಮೀಟರ್ ಮೀರಬಾರದೆನ್ನುತ್ತದೆ. ಕೂದಲು ಸಿಲುಕುತ್ತದೆಯೇ ಎಂಬ ಪರೀಕ್ಷೆಯನ್ನೂ ಕೇಳುತ್ತದೆ. ದೊಡ್ಡ ಪಂಪ್ ತಂದು ಹಳೆಯ ಮುಚ್ಚಳವನ್ನೇ ಉಳಿಸಿಕೊಂಡರೆ ಈ ಲೆಕ್ಕವೆಲ್ಲ ತಲೆಕೆಳಗಾಗುತ್ತದೆ. ಪಂಪಿನ ಹಾರ್ಸ್‌ಪವರ್ ಏರಿಸುವಾಗ ಮುಚ್ಚಳದ ಮೇಲಿನ ಅಂಕಿ ಓದುವವರು ಕಡಿಮೆ.

ಎರಡನೆಯದು ಜೋಡಿ ಡ್ರೇನ್. ಒಂದೇ ಪಂಪಿಗೆ ಎರಡು ಬಾಯಿ, ಅವುಗಳ ನಡುವೆ ಕನಿಷ್ಠ ಮೂರು ಅಡಿ. ಒಂದನ್ನು ದೇಹ ಮುಚ್ಚಿದರೆ ನೀರು ಇನ್ನೊಂದರಿಂದ ಬರುತ್ತದೆ, ಒತ್ತಡ ಕುಸಿಯುವುದಿಲ್ಲ. ಆಗ ಪೂರ್ತಿ ಹರಿವನ್ನು ಒಂದೇ ಮುಚ್ಚಳ ಹೊರಬೇಕಾಗುವುದರಿಂದ ಪ್ರತಿಯೊಂದೂ ಪೂರ್ತಿ ಹರಿವಿಗೆ ತಾಳುವಂಥದ್ದಾಗಿರಬೇಕು. ಎರಡರ ನಡುವಿನ ಪೈಪಿಗೆ ವಾಲ್ವ್ ಇಡಬಾರದು. ಯಾರೋ ಅದನ್ನು ತಿರುವಿದ ದಿನ ಜೋಡಿ ಡ್ರೇನ್ ಒಂಟಿಯಾಗುತ್ತದೆ. ಜೋಡಿ ಸಾಧ್ಯವಿಲ್ಲದ ಕಡೆ ದೇಹದಿಂದ ಮುಚ್ಚಲಾಗದಷ್ಟು ದೊಡ್ಡ ಜಾಲರಿ ಹಾಕುತ್ತಾರೆ. ಅಮೆರಿಕದ ಅಳತೆಯಲ್ಲಿ ಅದು 18 ಅಂಗುಲಕ್ಕೆ 23 ಅಂಗುಲ.

ಒತ್ತಡ ಕುಸಿದೊಡನೆ ಪಂಪ್ ನಿಲ್ಲಿಸುವ ಅಥವಾ ಪೈಪಿಗೆ ಗಾಳಿ ಬಿಡುವ ಯಂತ್ರಗಳೂ ಇವೆ. ಹೀರುವ ಪೈಪಿಗೆ ನೆಟ್ಟಗೆ ಒಂದು ಗಾಳಿಕೊಳವೆ ಜೋಡಿಸಿ ಮೇಲ್ತುದಿಯನ್ನು ತೆರೆದಿಡುವುದು ಅಗ್ಗದ ಉಪಾಯ: ಸೆಳೆತ ಹೆಚ್ಚಾದಾಗ ಕೊಳವೆಯ ನೀರು ಇಳಿದು ಗಾಳಿ ನುಗ್ಗುತ್ತದೆ, ಪಂಪ್ ಹಿಡಿತ ಕಳೆದುಕೊಳ್ಳುತ್ತದೆ. ಇವೆಲ್ಲ ಮುಚ್ಚಳದ ಜೊತೆಗಿರಬೇಕಾದವು, ಅದರ ಬದಲಿಗಲ್ಲ. ನಿಜವಾಗಿ ನಿಶ್ಚಿಂತೆಯ ವ್ಯವಸ್ಥೆಯೆಂದರೆ ಪಂಪನ್ನು ಕೊಳಕ್ಕೆ ನೇರವಾಗಿ ಜೋಡಿಸದಿರುವುದು. ಅಂಚಿನಿಂದ ಉಕ್ಕಿದ ನೀರೂ ತಳದ ನೀರೂ ತಮ್ಮಷ್ಟಕ್ಕೆ ಹರಿದು ಪಕ್ಕದ ತೊಟ್ಟಿ ಸೇರುತ್ತವೆ. ಪಂಪ್ ಎಳೆಯುವುದು ಆ ತೊಟ್ಟಿಯಿಂದ. ಹೊಸದಾಗಿ ಕೊಳ ಕಟ್ಟಿಸುವ ಶಾಲೆ, ಹೋಟೆಲು, ವಸತಿ ಸಮುಚ್ಚಯಗಳು ಇದನ್ನೇ ಕೇಳಿ ಮಾಡಿಸಿಕೊಳ್ಳಬೇಕು. ಹಳೆಯ ಕೊಳಗಳಲ್ಲಿ ಗೋಡೆಗೆ ಕಸ ಎಳೆಯುವ ಹೋಸ್ ಜೋಡಿಸಲು ಪ್ರತ್ಯೇಕ ರಂಧ್ರವಿರುತ್ತದೆ. ಮಗುವಿನ ಕೈಗೆಟಕುವ ಎತ್ತರದಲ್ಲಿರುವ ಅದಕ್ಕೆ ತಾನಾಗಿ ಮುಚ್ಚಿಕೊಳ್ಳುವ ಸ್ಪ್ರಿಂಗ್ ಮುಚ್ಚಳ ಬೇಕು. ಡ್ರೇನ್ ನೋಡುವವರೂ ಇದನ್ನು ಮರೆಯುತ್ತಾರೆ.

ಕೊನೆಯದು ಸ್ವಿಚ್. ಕೊಳದ ಅಂಚಿನಲ್ಲಿ, ಎಲ್ಲರಿಗೂ ಕಾಣುವಂತೆ, ಯಾರು ಬೇಕಾದರೂ ಒತ್ತಬಹುದಾದ ಕೆಂಪು ಗುಂಡಿ. ಪಂಪ್‌ರೂಮಿಗೆ ಬೀಗ ಹಾಕಿ ಕೀಲಿಯನ್ನು ಗುತ್ತಿಗೆಯವರ ಜೇಬಿನಲ್ಲಿಟ್ಟ ಕೊಳಕ್ಕೆ ಉಳಿದೆಲ್ಲ ಇದ್ದರೂ ಅದು ಅರೆ ಸುರಕ್ಷಿತ.

ಕರ್ನಾಟಕದಲ್ಲಿ

ಭಾರತೀಯ ಮಾನಕ ಬ್ಯೂರೊದ ಐಎಸ್ 3328 ಈಜುಕೊಳದ ನೀರಿನ ಗುಣಮಟ್ಟವನ್ನು ಹೇಳುತ್ತದೆ, ಐಎಸ್ 6494 ಕೊಳ ಸೋರದಂತೆ ಕಟ್ಟುವ ಕ್ರಮವನ್ನು ಹೇಳುತ್ತದೆ. ಎರಡರ ವಿಷಯವೂ ಡ್ರೇನಿನ ಸೆಳೆತವಲ್ಲ. ಸಾವಿನ ಲೆಕ್ಕ ಇಡುವ ರಾಷ್ಟ್ರೀಯ ಅಪರಾಧ ದಾಖಲೆಗಳ ಬ್ಯೂರೊ ದೇಶದಲ್ಲಿ ವರ್ಷಕ್ಕೆ 30,000ಕ್ಕೂ ಮೀರಿದ ನೀರುಪಾಲು ಸಾವುಗಳನ್ನು ದಾಖಲಿಸುತ್ತದೆ. ಅದರ ವಿಂಗಡಣೆ ಮೂರೇ: ದೋಣಿ ಮಗುಚಿದ್ದು, ಆಕಸ್ಮಿಕವಾಗಿ ನೀರಿಗೆ ಬಿದ್ದದ್ದು, ಇತರೆ. ಡ್ರೇನಿಗೆ ಸಿಕ್ಕಿ ಯಾರಾದರೂ ಸತ್ತರೆ ಅವರು ಹೋಗಿ ಸೇರುವುದು ‘ಇತರೆ’ಯಲ್ಲಿ. ಎಣಿಕೆಗೆ ಸಿಗದ ಸಾವಿಗೆ ನಿಯಮ ಹುಟ್ಟುವುದು ತಡ.

ಕೊಳ ನಡೆಸುವವರ ಹೊಣೆ ನಮ್ಮಲ್ಲಿ ಗಟ್ಟಿಯಾಗಿ ಚರ್ಚೆಗೆ ಬಂದದ್ದು ಬೇರೊಂದು ದುರಂತದಿಂದ. ಉಳ್ಳಾಲದ ಬಳಿಯ ಸೋಮೇಶ್ವರದ ರೆಸಾರ್ಟೊಂದರ ಕೊಳದಲ್ಲಿ 2024ರ ನವೆಂಬರ್ 17ರಂದು ಮೈಸೂರಿನ ಮೂವರು ಯುವತಿಯರು ಮುಳುಗಿ ಸತ್ತರು. ಅಲ್ಲಿ ಡ್ರೇನಿನ ಪಾತ್ರವೇನೂ ಇರಲಿಲ್ಲ. ಜೀವರಕ್ಷಕರಿಲ್ಲದ, ಆಳದ ಸೂಚನೆಯಿಲ್ಲದ ಕೊಳದ ಮಾತು ಅದು. ಆದರೆ ರೆಸಾರ್ಟ್ ನಡೆಸುವವರ ಬಂಧನವಾದದ್ದು ಒಂದು ಸಂಗತಿಯನ್ನು ಸ್ಪಷ್ಟಪಡಿಸಿತು. ನಿರ್ಲಕ್ಷ್ಯದಿಂದ ಸಾವು ತಂದವರಿಗೆ ಶಿಕ್ಷೆ ವಿಧಿಸುವ ಭಾರತೀಯ ನ್ಯಾಯ ಸಂಹಿತೆಯ 106ನೆಯ ಕಲಮಿಗೆ ಈಜುಕೊಳವೂ ಹೊರತಲ್ಲ. ಸ್ಕ್ರೂ ಇಲ್ಲದ ಮುಚ್ಚಳ ನಿರ್ಲಕ್ಷ್ಯವಲ್ಲವೆಂದು ನಾಳೆ ಯಾರೂ ವಾದಿಸಲಾರರು.

ಬಾವಿ, ಬಾಂದಾರ, ಜಾಕ್‌ವೆಲ್

ಈಜುಕೊಳ ದೂರವಿರುವ ಊರುಗಳಿಗೆ ಯಲ್ಲಮ್ಮನ ಜಾತ್ರೆಗೆ ಹೆಸರಾದ, ಅಥಣಿ ತಾಲ್ಲೂಕಿನ ಕೊಕಟನೂರು ಒಂದು ಉದಾಹರಣೆ. ಜಿಲ್ಲಾಕೇಂದ್ರ ಬೆಳಗಾವಿಯಲ್ಲಿ ಗೋವಾವೇಸಿನ ಪಾಲಿಕೆ ಕೊಳವಿದೆ, ಜೆಎನ್‌ಎಂಸಿ ಆವರಣದ ಸುವರ್ಣ ಈಜುಕೊಳವಿದೆ. ಅವು ಕೊಕಟನೂರಿನಿಂದ ನೂರು ಕಿ.ಮೀ.ಗೂ ಆಚೆ. ಈ ಕಡೆಯ ಹುಡುಗರು ಈಸು ಕಲಿಯುವುದು ಬಾವಿಯಲ್ಲಿ, ಕಾಲುವೆಯಲ್ಲಿ, ಹೊಳೆಯ ಬಾಂದಾರದ ಹಿನ್ನೀರಿನಲ್ಲಿ. ಹಾಗೆಂದು ಡ್ರೇನಿನ ವಿಚಾರ ಇವರಿಗೆ ದೂರದ್ದಲ್ಲ. ಹೆಸರು ಬೇರೆಯಾದರೂ ಸೆಳೆತ ಅದೇ, ಹಲವು ಕಡೆ ಅದಕ್ಕಿಂತ ದೊಡ್ಡದು.

ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಕಾಗವಾಡ, ಅಥಣಿಯ ಸೀಮೆಯಲ್ಲಿ ಕೃಷ್ಣೆಗೂ ಅದರ ಉಪನದಿಗಳಿಗೂ ಅಲ್ಲಲ್ಲಿ ಬಾಂದಾರ ಕಟ್ಟಿದ್ದಾರೆ. ಮಳೆಗಾಲದಲ್ಲಿ ಮುಳುಗಿ ಸುದ್ದಿಯಾಗುವ ಕಲ್ಲೋಳ–ಯಡೂರ ಸೇತುವೆಯೂ ಬಾಂದಾರವೇ. ಕೊಲ್ಲಾಪುರ ಮಾದರಿಯವುಗಳಲ್ಲಿ ಕಂಬಗಳಲ್ಲಿ ಕೊರೆದ ಸಂದಿಗೆ ಮಳೆ ಕಳೆದ ಮೇಲೆ ಹಲಗೆ ಇಳಿಸಿ ನೀರು ನಿಲ್ಲಿಸುತ್ತಾರೆ. ಆಗ ಒಂದು ಬದಿಗೆ ಆಳವಾದ ನೀರು, ಇನ್ನೊಂದು ಬದಿಗೆ ಬರಿಯ ಬಂಡೆ. ತಳದ ಹಲಗೆಯೊಂದು ಮುರಿದು ಕಂಡಿಯಾದರೆ ಮೇಲಿನ ನೀರು ಶಾಂತವಾಗಿಯೇ ಕಾಣುತ್ತದೆ. ಕೆಳಗೆ ಸೆಳವು ಇರುತ್ತದೆ. ಮೂರು ಮೀಟರ್ ನೀರಿನ ವ್ಯತ್ಯಾಸವಿದ್ದಲ್ಲಿ 60 ಸೆಂ.ಮೀ. ವ್ಯಾಸದ ತೂತನ್ನು ದೇಹ ಮುಚ್ಚಿದರೆ ಅದರ ಮೇಲೆ ಬೀಳುವ ಭಾರ 800 ಕಿಲೋಗೂ ಹೆಚ್ಚು. ಇಲ್ಲಿ ನಿಲ್ಲಿಸಲು ಪಂಪೂ ಇಲ್ಲ, ಒತ್ತಲು ಗುಂಡಿಯೂ ಇಲ್ಲ. ಬಾಂದಾರಕ್ಕೆ ತಾಗಿ ಈಸಬಾರದು, ಹಲಗೆಯ ಬುಡಕ್ಕೆ ಮುಳುಗು ಹಾಕಬಾರದು ಎನ್ನುವುದಕ್ಕೆ ಕಾರಣ ಇದು. ಏತ ನೀರಾವರಿಯ ಪಂಪುಗಳು ನೀರೆತ್ತುವ ಬಾವಿಗೆ, ಅಂದರೆ ಜಾಕ್‌ವೆಲ್‌ಗೆ, ನೀರು ಹೊಗುವ ಬಾಯಿ, ಕಾಲುವೆ ಹಳ್ಳದಡಿ ನುಸುಳಿ ಹೋಗುವ ಸೈಫನ್ — ಇವುಗಳಿಗೂ ಅದೇ ಮಾತು. ಹಳೆಯ ಕೆರೆಗಳ ತೂಬಿನಲ್ಲಿ ಕಲ್ಲುಕಂಬಗಳ ನಡುವೆ ಗೋಲು ಇಳಿಸಿ ಮೇಲಿನಿಂದಲೇ ಬೆಣೆ ಎತ್ತುವ ಏರ್ಪಾಡು ಇರುತ್ತಿತ್ತು. ಮನುಷ್ಯ ಬಾಯಿಯ ಹತ್ತಿರ ಹೋಗದೆ ಕೆಲಸ ಆಗಬೇಕೆಂಬ ವಿವೇಕ ಅದರಲ್ಲಿ ಕಾಣುತ್ತದೆ.

ಬಾವಿಯ ಪಂಪಿನ ಹೀರುವ ಪೈಪಿನ ತುದಿಗೆ ಫುಟ್‌ವಾಲ್ವ್ ಇರುತ್ತದೆ. ಕಸ ಬಾರದಿರಲೆಂದು ರೈತರು ಅದರ ಸುತ್ತ ಬುಟ್ಟಿ ಇಲ್ಲವೆ ತಂತಿಜಾಲರಿ ಕಟ್ಟುತ್ತಾರೆ. ಅರಿತೋ ಅರಿಯದೆಯೋ ಅವರು ಮಾಡಿದ್ದು ಉಬ್ಬು ಮುಚ್ಚಳದ ಕೆಲಸವೇ: ಬಾಯಿ ಅಗಲವಾಯಿತು, ವೇಗ ಇಳಿಯಿತು, ಮೈ ವಾಲ್ವಿಗೆ ತಾಗುವುದು ತಪ್ಪಿತು. ಹರಿದ ಬುಟ್ಟಿಯನ್ನು ಬದಲಿಸುವುದು ಮೋಟರಿನ ಹಿತಕ್ಕಷ್ಟೇ ಅಲ್ಲ. ಇಲ್ಲಿನ ದೊಡ್ಡ ಅಪಾಯ ಆಟೋ ಸ್ಟಾರ್ಟರ್. ತ್ರೀಫೇಸ್ ಕರೆಂಟ್ ಪಾಳಿಯಲ್ಲಿ ಬರುವ ಹೊಲಗಳಲ್ಲಿ ಮೋಟರ್ ತಾನಾಗಿ ಶುರುವಾಗಲೆಂದು ಅದನ್ನು ಹಾಕಿಸಿರುತ್ತಾರೆ. ಹುಡುಗರು ಬಾವಿಗಿಳಿದಾಗ ಸುಮ್ಮನಿದ್ದ ಪೈಪು ಕರೆಂಟ್ ಬಂದ ಕ್ಷಣ ಎಳೆಯತೊಡಗುತ್ತದೆ, ಮೋಟರಿನಲ್ಲಿ ದೋಷವಿದ್ದರೆ ನೀರಿಗೆ ವಿದ್ಯುತ್ ಹರಿಯುವ ಭಯವೂ ಉಂಟು. ಬೇಸಿಗೆ ರಜೆಯಲ್ಲಿ ಮಕ್ಕಳು ಈಸುವ ಬಾವಿಯಾದರೆ ಮೇನ್ ಸ್ವಿಚ್ಚನ್ನೇ ತೆಗೆದು, ಒಬ್ಬ ದೊಡ್ಡವರನ್ನು ದಂಡೆಯಲ್ಲಿ ಕೂರಿಸಿ ನೀರಿಗೆ ಬಿಡಬೇಕು.

ಸಿಲುಕಿದಾಗ

‘ಮೋಟರ್ ಬಂದ್ ಮಾಡ್ರಿ’ ಎಂದು ಕೂಗುವುದೇ ಮೊದಲ ಕೆಲಸ. ಒಬ್ಬರು ಸ್ವಿಚ್ಚಿಗೆ ಓಡಬೇಕು, ಇನ್ನೊಬ್ಬರು ನೀರಿಗಿಳಿದು ಸಿಲುಕಿದವರ ಮುಖವನ್ನು ನೀರಿನ ಮೇಲೆ ಹಿಡಿಯಲು ನೋಡಬೇಕು. ನೇರವಾಗಿ ಮೇಲಕ್ಕೆ ಜಗ್ಗುವುದು ವ್ಯರ್ಥ. ದೇಹಕ್ಕೂ ಬಾಯಿಗೂ ನಡುವೆ ಬೆರಳು ತೂರಿಸಿ, ಒಂದು ಅಂಚಿನಿಂದ ಹೊರಳಿಸುತ್ತ ಬಿಡಿಸಿದರೆ ನೀರು ನುಗ್ಗಿ ಹಿಡಿತ ಸಡಿಲುತ್ತದೆ. ಕೂದಲಿಗೆ ಕತ್ತರಿ ಬೇಕು; ಜೀವರಕ್ಷಕರ ಸಲಕರಣೆಯಲ್ಲಿ ಅದು ಇರಲೇಬೇಕು. ಉಸಿರು ನಿಂತಿದ್ದರೆ ಬಾಯಿಗೆ ಬಾಯಿಟ್ಟು ಉಸಿರು ಕೊಡುತ್ತ, ಎದೆ ಒತ್ತುತ್ತ ಇರಬೇಕು. ತಲೆಕೆಳಗೆ ಹಿಡಿದು, ಹೊಟ್ಟೆ ಅದುಮಿ ನೀರು ಕಕ್ಕಿಸುವ ಹಳೆಯ ಪದ್ಧತಿ ಹೊತ್ತು ಕಳೆಯುತ್ತದೆ, ಹಾನಿಯನ್ನೂ ಮಾಡುತ್ತದೆ. ಹೊಟ್ಟೆ ಅಥವಾ ಪೃಷ್ಠ ಸಿಲುಕಿದ್ದ ಮಗು ಎದ್ದು ಓಡಾಡಿದರೂ ಒಳಗಾಯದ ಸಂಭವ ಇರುವುದರಿಂದ ಆಸ್ಪತ್ರೆಗೆ ಒಯ್ಯಲೇಬೇಕು. ಕರ್ನಾಟಕದಲ್ಲಿ ಆಂಬುಲೆನ್ಸಿಗೆ 108, ಪೊಲೀಸರೂ ಸೇರಿದಂತೆ ಎಲ್ಲ ತುರ್ತಿಗೆ 112.